ಮೂರು ವರ್ಷ ಬರೀ ಎಲೆ, ನಾಲ್ಕನೇ ವರ್ಷ ಗ್ರಿಲ್ ತುಂಬಾ ನೀಲಿ: ಮಾರ್ನಿಂಗ್ ಗ್ಲೋರಿ ಜೊತೆ ನನ್ನ ಅನುಭವ

ಹೋದ ಅಕ್ಟೋಬರ್‌ನಲ್ಲಿ, ದಸರಾ ಗಲಾಟೆ ಮುಗಿದ ಮೇಲೆ ಒಂದಿನ ಬೆಳಿಗ್ಗೆ ಆರೂವರೆಗೆ ಟೆರೇಸ್‌ಗೆ ಹೋಗಿ ಎಣಿಸಿದೆ, ನಲವತ್ತಮೂರು ಹೂ. ಎಲ್ಲಾ ಹೆವನ್ಲಿ ಬ್ಲೂ ಅನ್ನೋ ಮಾರ್ನಿಂಗ್ ಗ್ಲೋರಿ ಬಳ್ಳಿ ತಳಿಯವು, ಅಂಗೈ ಅಗಲ, ಆಕಾಶದ ಬಣ್ಣ, ಗಂಟಲಲ್ಲಿ ಮಾತ್ರ ಬಿಳಿ ಹಳದಿ. "ಇದು ಊಟಿ ಗಿಡ ಮೇಡಂ, ಮೈಸೂರಿನ ಬಿಸಿಲಿಗೆ ಬರಲ್ಲ" ಅಂತ ನರ್ಸರಿಯವರು ಹೇಳಿದ್ರು, ನಮ್ಮನೆಯವ್ರೂ ಅದನ್ನೇ ಹೇಳ್ತಾ ಬಂದ್ರು, ಪಕ್ಕದ್ಮನೆ ಅತ್ತಿಗೆ ಅಂತೂ ಆ ಜಾಗದಲ್ಲಿ ಹೀರೇಕಾಯಿ ಬಳ್ಳಿ ಹಬ್ಬಿಸಿದ್ರೆ ಪಲ್ಯಕ್ಕಾದ್ರೂ ಆಗ್ತಿತ್ತು ಅಂತಿದ್ರು. ಈಗ ಬೀಜ ಕೇಳ್ಕೊಂಡು ಬರೋದು ಮೊದಲು ಅವರೇ. ಖುಷಿಯಾಗುತ್ತೆ, ಸುಳ್ಳು ಯಾಕೆ ಹೇಳ್ಲಿ.

ಬೀಜ ಕೆರೆದು ರಾತ್ರಿ ನೆನೆಸೋದು, ಆಸರೆ ಕೊಡೋದು ಇವೆಲ್ಲ ನಿಮಗೆ ಗೊತ್ತಿರೋದೇ, ಅದನ್ನ ಬಿಡ್ತೀನಿ. ನಾನು ಎಲ್ಲೆಲ್ಲಿ ಕೆಟ್ಟೆ ಅನ್ನೋದನ್ನ ಹೇಳ್ತೀನಿ.

ಮೊದಲನೇ ವರ್ಷ ಮಾರ್ಚ್‌ನಲ್ಲಿ ಹಾಕ್ದೆ. ಐದು ಗ್ರೋ ಬ್ಯಾಗ್, ಅರ್ಧಕ್ಕರ್ಧ ಕೊಟ್ಟಿಗೆ ಗೊಬ್ಬರ, ಅದು ಸಾಲದು ಅಂತ ವಾರಕ್ಕೊಂದ್ಸಲ ಹತ್ತೊಂಬತ್ತು ಆಲ್ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರೋ ರಾಸಾಯನಿಕ ಗೊಬ್ಬರ) ನೀರಲ್ಲಿ ಕರಗಿಸಿ ಕೊಟ್ಟೆ. ಬಳ್ಳಿ ಏನು ಸೊಕ್ಕಿತು ಅಂತೀರಾ, ವಾಟರ್ ಟ್ಯಾಂಕ್ ಮೇಲಕ್ಕೆ ಹೋಯ್ತು, ಎಲೆ ಒಂದೊಂದೂ ವೀಳ್ಯದೆಲೆಗಿಂತ ದೊಡ್ಡದು, ಹೂ ಮಾತ್ರ ಒಂದೂ ಇಲ್ಲ. ಮೇ ತಿಂಗಳಲ್ಲಿ ಮೈಟ್ಸ್ ಅನ್ನೋ ನುಸಿ ಬಿತ್ತು, ಎಲೆ ಕೆಳಗೆ ಬಲೆ ಕಟ್ಟಿ ಬೂದಿ ಬಣ್ಣ ಬಂತು, ಬೇವಿನೆಣ್ಣೆ ಹೊಡೆದು ಹೊಡೆದು ಸೋತು ಕಿತ್ತಾಕಿದೆ. ಆ ವರ್ಷ ಹೆಚ್ಚುಕಮ್ಮಿ ಎರಡು ಸಾವಿರ ಹೋಯ್ತು.

ಎರಡನೇ ವರ್ಷ ಆನ್‌ಲೈನ್ ಬೀಜ, ಇಪ್ಪತ್ತು ಬೀಜಕ್ಕೆ ನೂರಾಎಂಬತ್ತೋ ಏನೋ, ಹುಟ್ಟಿದ್ದು ನಾಲ್ಕು. ಅವನ್ನ ಟ್ರೇನಲ್ಲಿ ಬೆಳೆಸಿ ಆಮೇಲೆ ಕಿತ್ತು ನೆಟ್ಟೆ, ಅಲ್ಲೇ ತಪ್ಪಿದ್ದು. ಇದರ ಬೇರು ಅಲುಗಿಸಿದ್ರೆ ಮುನಿಸ್ಕೊಳ್ಳುತ್ತೆ. ಉಳಿದಿದ್ದು ಒಂದು, ಡಿಸೆಂಬರ್‌ನಲ್ಲಿ ಆರು ಹೂ ಕೊಟ್ಟು ಹೋಯ್ತು. ಆದ್ರೆ ಆ ಆರರಿಂದ ಬೀಜ ಸಿಕ್ತು, ಅಲ್ಲಿಂದ ಇಲ್ಲಿವರೆಗೂ ನಾನು ಬೀಜ ಕೊಂಡಿಲ್ಲ.

ಇದರ ಮಧ್ಯೆ ಇನ್ನೊಂದು ಎಡವಟ್ಟು. ಒಂದು ಕಡೆ "ನೀಲಿ ಮಾರ್ನಿಂಗ್ ಗ್ಲೋರಿ" ಅಂತ ರೆಡಿ ಗಿಡ ನೂರೈವತ್ತಕ್ಕೆ ಕೊಟ್ರು, ನೆಲದಲ್ಲೇ ಹಾಕ್ದೆ. ಅದು ವರ್ಷಾನುಗಟ್ಟಲೆ ಬದುಕೋ ಬೇರೆ ಜಾತಿ, ಹೂ ನೇರಳೆ ನೀಲಿ. ಬಳ್ಳಿ ನೆಲಕ್ಕೆ ತಾಗಿದಲ್ಲೆಲ್ಲಾ ಬೇರು ಬಿಟ್ಕೊಂಡು ಹೋಗಿ ಕರಿಬೇವಿನ ಮರ ಮುಚ್ಚಿಬಿಡ್ತು. ಕೀಳಿಸೋಕೆ ಆಳಿಗೆ ಎಂಟುನೂರು ಕೊಟ್ಟೆ, ಈಗಲೂ ಕಾಂಪೌಂಡ್ ಮೂಲೆಯಲ್ಲಿ ಮಳೆ ಬಿದ್ರೆ ತಲೆ ಎತ್ತುತ್ತೆ. ದಯವಿಟ್ಟು ಅದನ್ನ ನೆಲಕ್ಕೆ ಹಾಕ್ಬೇಡಿ.

ಮೂರನೇ ವರ್ಷ ಗೊಬ್ಬರ ಕಮ್ಮಿ ಮಾಡಿ ಆಗಸ್ಟ್‌ನಲ್ಲಿ ಹಾಕ್ದೆ. ಆಗ ಒಂದು ವಿಚಿತ್ರ ನೋಡ್ದೆ. ಒಂದೇ ಗ್ರಿಲ್, ಒಂದೇ ಮಣ್ಣು, ಟ್ಯಾಂಕ್ ಪಕ್ಕದ ಅರ್ಧದಲ್ಲಿ ಮೊಗ್ಗು, ಬೀದಿ ಕಡೆ ಅರ್ಧದಲ್ಲಿ ಬರೀ ಎಲೆ. ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಗೆರೆ. ತಲೆ ಕೆಡಿಸ್ಕೊಂಡು ಒಂದಿನ ರಾತ್ರಿ ಒಂಬತ್ತಕ್ಕೆ ಮೇಲೆ ಹೋದೆ, ಆ ಗೆರೆ ಟ್ಯಾಂಕಿನ ನೆರಳಿನ ಗೆರೆ! ಬೀದಿಗೆ ಹೊಸದಾಗಿ ಹಾಕಿದ ಎಲ್ಇಡಿ ದೀಪ ಬಳ್ಳಿ ಮೇಲೆ ಹಗಲಿನ ಹಾಗೆ ಬೀಳ್ತಿತ್ತು. ಸೇವಂತಿಗೆ ಬೆಳೆಯೋರಿಗೆ ಇದು ಗೊತ್ತು, ಹೂ ತಡ ಆಗ್ಲಿ ಅಂತ ಅವರು ಬೇಕಂತ್ಲೇ ರಾತ್ರಿ ಬಲ್ಬ್ ಉರಿಸ್ತಾರೆ. ಇದೂ ಅದೇ ಥರ, ರಾತ್ರಿ ಉದ್ದ ಇದ್ರೇನೇ ಮೊಗ್ಗು ಹಿಡಿಯೋದು. ನಮ್ಮೂರಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಬರೀ ಒಂದೂವರೆ ಗಂಟೆ ವ್ಯತ್ಯಾಸ, ಗಿಡಕ್ಕೆ ಅಷ್ಟು ಸಾಕು, ಅದನ್ನೂ ದೀಪ ಕಿತ್ಕೊಂಡ್ರೆ ಪಾಪ ಅದೇನು ಮಾಡುತ್ತೆ.

"ಗಿಡಕ್ಕೂ ಕತ್ತಲೆ ಬೇಕಾ?" ಅಂದ್ರು ನಮ್ಮನೆಯವ್ರು. ನಾನು ಹಳೇ ಕಪ್ಪು ಕರ್ಟನ್ ಎರಡು ಹೊಲಿದು, ರಿಂಗ್ ಹಾಕಿ, ಬೀದಿ ಕಡೆಗೆ ತಂತಿ ಮೇಲೆ ಎಳೆಯೋ ಹಾಗೆ ಮಾಡ್ದೆ. ತಂತಿ, ರಿಂಗ್, ಮೊಳೆ ಎಲ್ಲಾ ಸೇರಿ ಇನ್ನೂರೈವತ್ತು ರೂಪಾಯಿ. ನಾಲ್ಕನೇ ವರ್ಷ ಆಗಸ್ಟ್ ಮೊದಲ ವಾರ ಬೀಜ ನೇರ ಬ್ಯಾಗಿಗೇ ಹಾಕಿ, ಎರಡು ಎಲೆ ಬಿಟ್ಟ ದಿನದಿಂದ ಸಂಜೆ ಆರೂವರೆಗೆ ಎಳೆಯೋದು, ಬೆಳಿಗ್ಗೆ ರಂಗೋಲಿ ಹಾಕೋ ಮುಂಚೆ ಸರಿಸೋದು. ಐದಾರು ವಾರಕ್ಕೆ ಮೊಗ್ಗು ಕಾಣಿಸ್ತು. ಬೀದಿ ಕಡೇನೇ ಜಾಸ್ತಿ!

ಗೊಬ್ಬರ ಅಂದ್ರೆ ಈಗ ಕೆಂಪು ಮಣ್ಣು, ಮರಳು, ಒಂದು ಹಿಡಿ ಎರೆಗೊಬ್ಬರ, ಅಷ್ಟೇ. ಮೊಗ್ಗು ಬಂದ ಮೇಲೆ ಒಲೆ ಬೂದಿ, ಅದರ ಜೊತೆ ಇನ್ನೊಂದು ಸೇರಿಸ್ತೀನಿ, ಅದು ನಮ್ಮಮ್ಮ ಮಲ್ಲಿಗೆಗೆ ಹಾಕ್ತಿದ್ದಿದ್ದು, ಇಲ್ಲಿ ಹೇಳಲ್ಲ. ತುದಿ ಎಷ್ಟನೇ ಎಲೆಗೆ ಚಿವುಟೋದು ಅನ್ನೋದೂ ನನ್ನ ಹತ್ರಾನೇ ಇರ್ಲಿ, ಎರಡು ಮೂರು ಸಲ ಮಾಡಿದ್ರೆ ನಿಮಗೇ ಗೊತ್ತಾಗುತ್ತೆ. ಹಗ್ಗ ಮಾತ್ರ ತೆಂಗಿನ ನಾರಿಂದೇ ಕಟ್ಟಿ, ನೈಲಾನ್ ಮೇಲೆ ಜಾರುತ್ತೆ. ಮೇಲಿಂದ ನೋಡಿದ್ರೆ ಬಳ್ಳಿ ಗಡಿಯಾರಕ್ಕೆ ಉಲ್ಟಾ ಸುತ್ತುತ್ತೆ, ನಾನೊಂದು ಬಳ್ಳೀನ ಬಲವಂತವಾಗಿ ಇನ್ನೊಂದು ದಿಕ್ಕಿಗೆ ಸುತ್ತಿಟ್ಟಿದ್ದೆ, ಎರಡನೇ ದಿನಕ್ಕೆ ಬಿಚ್ಕೊಂಡು ತನ್ನ ದಾರೀಲೇ ಹೋಗಿತ್ತು.

ಬಣ್ಣದ ಆಟ ಬೇರೆ ಇದೆ. ಹಿಂದಿನ ಸಂಜೆ ಮೊಗ್ಗು ಕೆಂಪು ನೇರಳೆ ಇರುತ್ತೆ, ಛತ್ರಿ ಮಡಿಸಿದ ಹಾಗೆ ಸುರುಳಿ. ಬೆಳಿಗ್ಗೆ ಬಿಚ್ಚೋ ಹೊತ್ತಿಗೆ ನೀಲಿ. ದಳದ ರಸದ ಪಿಎಚ್, ಅಂದ್ರೆ ಹುಳಿ-ಕ್ಷಾರದ ಅಳತೆ, ರಾತ್ರೋರಾತ್ರಿ 6.6ರಿಂದ 7.7ಕ್ಕೆ ಏರೋದೇ (ಹುಳಿ ಕಡೆಯಿಂದ ಕ್ಷಾರದ ಕಡೆಗೆ) ಅದಕ್ಕೆ ಕಾರಣ. ಅರಳಿದ ಹೂವಿನ ಮೇಲೆ ನಿಂಬೆರಸ ಒಂದು ತೊಟ್ಟು ಬಿಟ್ಟು ನೋಡ್ದೆ, ಬಿದ್ದ ಜಾಗ ಗುಲಾಬಿ ಆಯ್ತು, ಮಗಳು ಅವತ್ತು ಸ್ಕೂಲ್ ಬಸ್ ತಪ್ಪಿಸ್ಕೊಂಡ್ಲು. ಬಿಸಿಲಿದ್ರೆ ಹತ್ತು ಹನ್ನೊಂದಕ್ಕೆ ಮುದುಡುತ್ತೆ, ಮೋಡ ಇದ್ರೆ ಮಧ್ಯಾಹ್ನದವರೆಗೂ ನಿಲ್ಲುತ್ತೆ. ಹಾಗಾಗಿ ಸಂಜೆಗೂ ಏನಾದ್ರೂ ಇರ್ಲಿ ಅಂತ ಪಕ್ಕದಲ್ಲೇ ಬಿಳಿ ಮೂನ್‌ಫ್ಲವರ್ ಹಾಕಿದೀನಿ, ಕರ್ಟನ್ ಎಳೆಯೋ ಹೊತ್ತಿಗೆ ಕಣ್ಣೆದುರೇ ಬಿಚ್ಕೊಳ್ಳುತ್ತೆ, ಘಮ್ ಅನ್ನುತ್ತೆ.

ಬೀಜ ಒಣಗಿ ಕಾಯಿ ಕಂದು ಬಣ್ಣಕ್ಕೆ ಬಂದಾಗ ಬಿಡಿಸ್ಕೊಳ್ಳಿ, ಒಂದು ಕಾಯಿಗೆ ಸಾಮಾನ್ಯ ನಾಲ್ಕು ಇರುತ್ತೆ. ವಿಷದ ಬೀಜ, ಮಕ್ಕಳ ಕೈಗೆ ಸಿಗದ ಹಾಗೆ ಎತ್ತಿಡಿ. ಹೋದ ವರ್ಷದ ಒಟ್ಟು ಖರ್ಚು ಕರ್ಟನ್ ಸೇರಿ ಆರುನೂರು ದಾಟಿಲ್ಲ. ಡಬ್ಬಿಯಲ್ಲಿ ಇನ್ನೂ ಇನ್ನೂರು ಬೀಜ ಇದೆ, ಈ ಆಗಸ್ಟ್‌ಗೆ ಮೆಟ್ಟಿಲ ಕಡೆ ಗ್ರಿಲ್‌ಗೂ ತಂತಿ ಕಟ್ಟಿಸ್ತಿದೀನಿ.