ಮಾವನ ಹಳೇ ಇಟ್ಟಿಗೆ ಫೋನಲ್ಲಿ ಇವತ್ತು ಕಾಲ್ ಮಾಡೋದು ಹೇಗೆ

ನಮ್ಮ ಸೋದರಮಾವ ಅಮೆರಿಕಾದಿಂದ ತಂದಿದ್ದ ಮೋಟೋರೋಲಾ ಡೈನಾಟ್ಯಾಕ್ ಮಲ್ಲೇಶ್ವರದ ಮನೆ ಅಟ್ಟದಲ್ಲಿ ವರ್ಷಗಟ್ಲೆ ಬಿದ್ದಿತ್ತು, ಈಗ ಅದ್ರಲ್ಲೇ ಮಾತಾಡ್ತೀನಿ. ಅದು ಆಂಪ್ಸ್ ಅನ್ನೋ ಅನಲಾಗ್ ನೆಟ್‌ವರ್ಕಿನ ಫೋನು, ಸಿಮ್ ಹಾಕೋ ಜಾಗಾನೇ ಇಲ್ಲ, ನಮ್ಮ ದೇಶಕ್ಕೆ 1995ರಲ್ಲಿ ಮೊಬೈಲ್ ಬಂದಿದ್ದೇ ಜಿಎಸ್ಎಂ ಅನ್ನೋ ಸಿಮ್ ಹಾಕೋ ಡಿಜಿಟಲ್ ನೆಟ್‌ವರ್ಕ್ ಆಗಿ, ಅಮೆರಿಕಾದಲ್ಲೂ ದೊಡ್ಡ ಕಂಪನಿಗಳು 2008ರಲ್ಲಿ ಅನಲಾಗ್ ನಿಲ್ಲಿಸಿಬಿಟ್ವು, ಹಾಗಾಗಿ ಇದ್ದ ಹಾಗೇ ಇದ್ರಲ್ಲಿ ಕಾಲ್ ಹೋಗಲ್ಲ. ಮನೇಲೇ ಒಂದು ಟ್ರಾನ್ಸ್‌ಮಿಟರ್ ಇಟ್ಕೊಳ್ಳೋಣ ಅಂತ ಮಾತ್ರ ಹೋಗ್ಬೇಡಿ, ಆ 800 ಮೆಗಾಹರ್ಟ್ಸ್ ಜಾಗದಲ್ಲಿ ಈಗ 4ಜಿ ಓಡ್ತಿದೆ, ಲೈಸೆನ್ಸ್ ಇಲ್ದೆ ಸಿಗ್ನಲ್ ಬಿಡೋದು ಅಪರಾಧ. ಮೈ ಹಳೇದೇ ಇರ್ಲಿ, ಒಳಗಿನ ರೇಡಿಯೋ ಮಾತ್ರ ಹೊಸದು ಹಾಕೋಣ.

ಮೊದ್ಲು ಬ್ಯಾಟರಿ ಬಿಚ್ಚಿ. ನಿಕಲ್ ಕ್ಯಾಡ್ಮಿಯಂ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ರೆ ಗ್ಲೌಸ್ ಹಾಕ್ಕೊಂಡು ವಿನೆಗರ್ ಹಚ್ಚಿದ ಬ್ರಶ್ಶಲ್ಲಿ ಉಜ್ಜಿ, ಸೆಲ್‌ಗಳನ್ನ ಕಸದ ಗಾಡಿಗೆ ಹಾಕದೆ ಇ-ವೇಸ್ಟ್ ತಗೊಳ್ಳೋರಿಗೇ ಕೊಡಿ, ಕ್ಯಾಡ್ಮಿಯಂ ವಿಷ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಲ್ಲಿ ಸಿಮ್800ಎಲ್ ಮಾಡ್ಯೂಲು (ಸಿಮ್ ಹಾಕಿ ಕಾಲ್ ಮಾಡೋ ಪುಟ್ಟ ರೇಡಿಯೋ ಬೋರ್ಡು), 3.3 ವೋಲ್ಟಿನ ಆರ್ಡುಯಿನೋ ಪ್ರೋ ಮಿನಿ (ನಾವೇ ಪ್ರೋಗ್ರಾಂ ಬರೆದು ಹಾಕೋ ಚಿಕ್ಕ ಕಂಟ್ರೋಲರ್ ಬೋರ್ಡು), ಪ್ರೊಟೆಕ್ಷನ್ ಇರೋ ಒಂದು 18650 ಲಿಥಿಯಂ ಸೆಲ್ಲು, ಅದರ ಚಾರ್ಜಿಂಗ್ ಬೋರ್ಡು ಎಲ್ಲಾ ಸಿಗತ್ತೆ. ನಾನು ಎರಡು ಸಂಜೆ ಒದ್ದಾಡಿದ್ದು ಪವರ್ ವಿಷ್ಯಕ್ಕೆ. ಮಾಡ್ಯೂಲಿಗೆ ಬೇಕಾಗಿರೋದು 3.4ರಿಂದ 4.4 ವೋಲ್ಟ್, ಆದ್ರೆ ಟವರ್ ಹುಡುಕೋವಾಗ ಕ್ಷಣಮಾತ್ರ 2 ಆಂಪಿಯರ್ ಎಳೆಯತ್ತೆ, ನಾನು ಸಪೂರ ವೈರ್ ಹಾಕಿದ್ದೆ, ವೋಲ್ಟೇಜ್ ಕುಸಿದು ಮತ್ತೆ ಮತ್ತೆ ರೀಸ್ಟಾರ್ಟ್ ಆಗ್ತಿತ್ತು. ದಪ್ಪ ಗಿಡ್ಡ ವೈರ್ ಹಾಕಿ, ಮಾಡ್ಯೂಲಿನ ಪವರ್ ಪಿನ್ನಿನ ಹತ್ರಾನೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿದ್ಮೇಲೆ ಸರಿಹೋಯ್ತು.

ಕೀಪ್ಯಾಡಿಗೆ ಮಲ್ಟಿಮೀಟರ್ ಹಿಡಿದು ಯಾವ ಬಟನ್ ಒತ್ತಿದ್ರೆ ಯಾವ ಎರಡು ಗೆರೆ ಸೇರತ್ತೆ ಅಂತ ಒಂದೊಂದೇ ಬರ್ಕೊಳ್ಳಿ, ಆರ್ಡುಯಿನೋ ಅದನ್ನ ಓದಿ ಮಾಡ್ಯೂಲಿಗೆ ಎಟಿಡಿ (ATD) ಅನ್ನೋ ಡಯಲ್ ಕಮಾಂಡ್ ಜೊತೆ ನಂಬರ್ ಕಳ್ಸಿ ಕೊನೇಲಿ ಸೆಮಿಕೋಲನ್ ಹಾಕ್ಬೇಕು, ಅದಿಲ್ದಿದ್ರೆ ವಾಯ್ಸ್ ಕಾಲ್ ಹೋಗಲ್ಲ. ಹಳೇ ಇಯರ್‌ಪೀಸಿಗೆ ಪೆನ್ಸಿಲ್ ಸೆಲ್ಲಿನ ವೈರ್ ಒಂದ್ಸಲ ತಾಗಿಸಿ, ಟಕ್ ಅಂದ್ರೆ ಜೀವ ಇದೆ, ಅದನ್ನೇ ಬಳಸಿ. ಮೈಕ್ ಹೊಸದು ಹಾಕೋದು ಒಳ್ಳೇದು. ಹೊಸ ಆಂಟೆನಾನ ಲೋಹದ ತಗಡಿನ ಹಿಂದೆ ಸಿಕ್ಕಿಸ್ಬೇಡಿ.

ಏನೇ ಮಾಡಿ, ಹಳೇ ಬೋರ್ಡ್ ಕತ್ತರಿಸ್ಬೇಡಿ, ಕವಚಕ್ಕೆ ತೂತು ಕೊರೀಬೇಡಿ, ಬಿಚ್ಚಿದ್ದನ್ನೆಲ್ಲಾ ಸ್ಕ್ರೂ ಸಮೇತ ಡಬ್ಬಿಯಲ್ಲಿ ಎತ್ತಿಡಿ, ಇಂಥ ಫೋನು ಇನ್ನೊಂದು ಸಿಗಲ್ಲ.

ಸಿಮ್ಮು ಏರ್‌ಟೆಲ್ ಅಥವಾ ವಿಐ (ವೊಡಾಫೋನ್ ಐಡಿಯಾ) ಕಂಪನಿದು ತಗೊಳ್ಳಿ, ಈ ಮಾಡ್ಯೂಲು 2ಜಿ, ಜಿಯೋದಲ್ಲಿ 2ಜಿ ಇಲ್ಲ. ಮೈಕ್ರೋ ಸೈಜ್ ಬೇಕು, ಪಿನ್ ಲಾಕ್ ಇದ್ರೆ ಬೇರೆ ಫೋನಲ್ಲಿ ಮೊದ್ಲೇ ತೆಗೆದಿಡಿ.