ಹೊಟ್ಟೆಯ ಚರ್ಮ ತೆಗೆಸಿಕೊಂಡ ನಂತರದ ಆರೈಕೆ: ಬಾಣಂತನದಿಂದ ಉಳಿಸಿಕೊಂಡದ್ದು, ಬಿಟ್ಟದ್ದು

ಜಠರದ ಬಹುಭಾಗವನ್ನು ಕತ್ತರಿಸಿ ತೆಗೆದು ತೂಕ ಇಳಿಸುವ ಸ್ಲೀವ್ ಶಸ್ತ್ರಚಿಕಿತ್ಸೆಯ ನಂತರ ನನ್ನ ತೂಕ ಬಹಳಷ್ಟು ಇಳಿಯಿತಾದರೂ ಹೊಟ್ಟೆಯ ಚರ್ಮ ಅದಕ್ಕೆ ತಕ್ಕಂತೆ ಕುಗ್ಗಲಿಲ್ಲ. ಅದು ಮಡಿಕೆಯಾಗಿ ಜೋತುಬಿದ್ದು, ಬೇಸಿಗೆಯುದ್ದಕ್ಕೂ ಆ ಮಡಿಕೆಯ ಅಡಿಯಲ್ಲಿ ಬೆವರು ನಿಂತು, ಚರ್ಮ ಕೆಂಪಾಗಿ ಒಡೆದು, ಯಾವ ಪುಡಿಗೂ ಮುಲಾಮಿಗೂ ಪೂರ್ತಿ ಬಗ್ಗದ ಸೋಂಕು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಇದರ ಜೊತೆಗೆ, ಎರಡು ಸಿಸೇರಿಯನ್ ಹೆರಿಗೆಗಳಾಗಿದ್ದ ಹೊಟ್ಟೆಯ ಮುಂಭಾಗದ ಸ್ನಾಯುಗಳು ಎಡಬಲಕ್ಕೆ ಸರಿದು ನಡುವೆ ಅಂತರ ಬಿಟ್ಟಿದ್ದವು. ಹಾಸನದಲ್ಲಿ ಬ್ಯಾಂಕ್ ನೌಕರಿಯಲ್ಲಿರುವ ನಾನು ಈ ಕಾರಣಗಳಿಗಾಗಿ ಬೆಂಗಳೂರಿನಲ್ಲಿ ಅಬ್ಡೊಮಿನೊಪ್ಲಾಸ್ಟಿ, ಅಂದರೆ ಜನ ಟಮ್ಮಿ ಟಕ್ ಎಂದು ಕರೆಯುವ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡೆ. ಅದರ ನಂತರದ ವಾರಗಳಲ್ಲಿ ಮನೆಯಲ್ಲಿ ಏನೇನು ಮಾಡಬೇಕಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಆರೈಕೆಯ ಹೊಣೆ ಹೊತ್ತವರು ನನ್ನ ಅಮ್ಮ. ಹೊಟ್ಟೆಗೆ ಕತ್ತರಿ ಬಿದ್ದವಳನ್ನು ನೋಡಿಕೊಳ್ಳುವ ಕ್ರಮ ಅವರಿಗೆ ಗೊತ್ತಿದ್ದದ್ದು ಒಂದೇ, ಅದು ಬಾಣಂತನ. ಆ ಕ್ರಮದಲ್ಲಿ ಅರ್ಧದಷ್ಟು ನನಗೆ ಬಹಳ ಉಪಕಾರಕ್ಕೆ ಬಂತು. ಉಳಿದರ್ಧವನ್ನು ವಿನಯದಿಂದಲೇ, ಆದರೆ ಖಂಡಿತವಾಗಿ ಬಿಡಬೇಕಾಯಿತು.

ಸಿದ್ಧತೆಯ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಕನಿಷ್ಠ ಆರು ತಿಂಗಳು ತೂಕ ಏರಿಳಿಯದೆ ನಿಂತಿರಬೇಕು, ಹಿಮೋಗ್ಲೋಬಿನ್, ಕಬ್ಬಿಣಾಂಶ ಮತ್ತು ಬಿ12 ಸರಿಯಾದ ಮಟ್ಟದಲ್ಲಿರಬೇಕು ಎಂಬುದು ಸರ್ಜನ್ನರ ಷರತ್ತಾಗಿತ್ತು. ಬೀಡಿ, ಸಿಗರೇಟು ಸೇದುವವರು ಶಸ್ತ್ರಚಿಕಿತ್ಸೆಗೆ ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು, ಏಕೆಂದರೆ ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸುವುದರಿಂದ ಎಳೆದು ಹೊಲಿದ ಚರ್ಮದ ಅಂಚಿಗೆ ರಕ್ತ ಸಾಲದೆ ಅದು ಕಪ್ಪಾಗಿ ಸಾಯಬಹುದು. ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ; ನಮ್ಮ ಕಡೆಯ ಹೆಂಗಸರು ಅದನ್ನು ತಂಬಾಕು ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಚಿಕಿತ್ಸೆಗೆ ಹೋದ ಕಿರುತೆರೆಯ ಯುವನಟಿಯೊಬ್ಬರು ತೀರಿಕೊಂಡ ಸುದ್ದಿ ನಮ್ಮ ಮನೆಯವರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿದ್ದುದರಿಂದ, ಸರ್ಜನ್ನರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪದವಿ ಇದೆಯೇ, ಆಸ್ಪತ್ರೆಯಲ್ಲಿ ಐಸಿಯು ಇದೆಯೇ, ಅರಿವಳಿಕೆ ತಜ್ಞರು ಯಾರು ಎಂಬುದನ್ನೆಲ್ಲ ಕೇಳಿ ತಿಳಿದುಕೊಂಡ ಮೇಲೆಯೇ ದಿನ ಗೊತ್ತುಮಾಡಿದೆವು. ವೆಚ್ಚವನ್ನು ಕೈಯಿಂದಲೇ ಭರಿಸಿದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್‌ಗಳ ನಂತರದ ಪುನರ್ನಿರ್ಮಾಣ ಅಥವಾ ಆರೋಗ್ಯಕ್ಕೆ ನೇರ ಅಪಾಯವನ್ನು ನಿವಾರಿಸುವ ಅಗತ್ಯ ಚಿಕಿತ್ಸೆಯಲ್ಲದ ಪ್ಲಾಸ್ಟಿಕ್ ಸರ್ಜರಿಯನ್ನು ನಮ್ಮ ದೇಶದ ಆರೋಗ್ಯ ವಿಮೆಯ ಸಾಮಾನ್ಯ ಷರತ್ತುಗಳೇ ಹೊರಗಿಟ್ಟಿವೆ. ಮಡಿಕೆಯ ಸೋಂಕಿನ ದಾಖಲೆಗಳನ್ನು ಇಟ್ಟು ಅರ್ಜಿ ಹಾಕಿದರೂ ನನಗೆ ಒಪ್ಪಿಗೆ ಸಿಗಲಿಲ್ಲ.

ಒಳಗೆ ಏನು ನಡೆದಿದೆ ಎಂಬುದು ತಿಳಿದಿದ್ದರೆ ಆಮೇಲಿನ ನಿರ್ಬಂಧಗಳು ಕಿರಿಕಿರಿ ಎನಿಸುವುದಿಲ್ಲ. ಒಂದು ಸೊಂಟದ ಮೂಳೆಯಿಂದ ಇನ್ನೊಂದರವರೆಗೆ ಕೆಳಹೊಟ್ಟೆಯಲ್ಲಿ ಕೊಯ್ದು, ಚರ್ಮ ಮತ್ತು ಕೊಬ್ಬಿನ ಪದರವನ್ನು ಪಕ್ಕೆಲುಬಿನ ಕಡೆಗೆ ಬಿಡಿಸಿಕೊಂಡು, ದೂರ ಸರಿದ ಸ್ನಾಯುಗಳನ್ನು ನಡುವೆ ಉದ್ದಕ್ಕೆ ಹೊಲಿದು ಹತ್ತಿರ ತಂದು, ಮೇಲಿನ ಚರ್ಮವನ್ನು ಕೆಳಕ್ಕೆಳೆದು ಹೆಚ್ಚಾದದ್ದನ್ನು ಕತ್ತರಿಸಿ, ಹೊಕ್ಕುಳಕ್ಕೆ ಹೊಸ ಜಾಗದಲ್ಲಿ ರಂಧ್ರ ಮಾಡಿ ಕೂರಿಸುತ್ತಾರೆ. ಹೀಗೆ ಬಿಡಿಸಿದ ಪದರ ಮತ್ತೆ ಸ್ನಾಯುವಿನ ಮೇಲೆ ಅಂಟಿಕೊಳ್ಳಬೇಕು. ಮೊದಲ ವಾರಗಳ ಎಲ್ಲ ಎಚ್ಚರಿಕೆಯ ಗುರಿಯೂ ಅದೊಂದೇ: ಹೊಲಿಗೆಯ ಮೇಲೆ ಎಳೆತ ಬೀಳಬಾರದು, ಎರಡು ಪದರಗಳ ನಡುವೆ ದ್ರವ ನಿಲ್ಲಬಾರದು.

ಎಳೆತ ಬೀಳಬಾರದೆಂಬ ಕಾರಣಕ್ಕೆ ಮೊದಲ ವಾರವೆಲ್ಲ ಸೊಂಟದಲ್ಲಿ ಬಗ್ಗಿಯೇ ನಡೆಯಬೇಕು. ಮಲಗುವಾಗ ಬೆನ್ನ ಹಿಂದೆ ಮತ್ತು ಮೊಣಕಾಲ ಕೆಳಗೆ ದಿಂಬುಗಳನ್ನಿಟ್ಟುಕೊಂಡು, ಒರಗುಕುರ್ಚಿಯಲ್ಲಿ ಕುಳಿತಂತೆ ಅರೆ ಒರಗಿ ಮಲಗಬೇಕು. ಬೆಂಗಳೂರಿನಲ್ಲಿದ್ದ ತಂಗಿಯ ಮನೆಯಲ್ಲಿ ಎತ್ತರದ ಮಂಚ, ಕಮೋಡ್ ಎರಡೂ ಇದ್ದುದರಿಂದ, ಒಳಗಿನ ದ್ರವ ಹೊರಬರಲು ಇಟ್ಟಿದ್ದ ಡ್ರೈನ್ ನಳಿಕೆಗಳನ್ನು ತೆಗೆಯುವವರೆಗೆ ಅಲ್ಲಿಯೇ ಉಳಿದೆ. ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯ ಮಾತ್ರವಿರುವ ಮನೆಯವರು ಇದಕ್ಕೊಂದು ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಬೇಕು. ಏಳುವಾಗ ನೇರವಾಗಿ ಹೊಟ್ಟೆಯ ಬಲದಿಂದ ಏಳದೆ, ಇಡೀ ಮೈಯನ್ನು ಒಟ್ಟಿಗೆ ಒಂದು ಮಗ್ಗುಲಿಗೆ ಹೊರಳಿಸಿ, ಕಾಲುಗಳನ್ನು ಮಂಚದಿಂದ ಇಳಿಬಿಟ್ಟು, ಮೊಣಕೈ ಊರಿ ಏಳುವುದನ್ನು ಆಸ್ಪತ್ರೆಗೆ ಸೇರುವ ಮೊದಲೇ ಅಭ್ಯಾಸ ಮಾಡಿದ್ದೆ. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಕೆಮ್ಮುತ್ತಿದ್ದೆ. ಬಗ್ಗಿ ನಡೆದು ನಡೆದು ಬೆನ್ನಿನ ಕೆಳಭಾಗಕ್ಕೆ ಬರುವ ನೋವು ಕೆಲವು ದಿನ ಗಾಯದ ನೋವಿಗಿಂತ ಹೆಚ್ಚಾಗಿತ್ತು. ನೋವಿನ ಮಾತ್ರೆಗಳಲ್ಲಿ ಕೆಲವು ಮಲಬದ್ಧತೆ ತರುತ್ತವೆ, ಮುಕ್ಕರಿದರೆ ಸ್ನಾಯುವಿನ ಹೊಲಿಗೆಗೆ ಎಳೆತ ಬೀಳುತ್ತದೆ. ಆದ್ದರಿಂದ ಮಲ ಮೆದುವಾಗಿಸುವ ಔಷಧಿಯನ್ನು ಮೊದಲ ದಿನದಿಂದಲೇ ವೈದ್ಯರಿಂದ ಬರೆಸಿಕೊಳ್ಳುವುದು ಒಳ್ಳೆಯದು.

ದ್ರವ ನಿಲ್ಲಬಾರದೆಂಬ ಕಾರಣಕ್ಕೆ ಎರಡು ಡ್ರೈನ್ ನಳಿಕೆಗಳನ್ನು ಒಳಗಿಟ್ಟು, ಅವುಗಳ ತುದಿಗೆ ಒತ್ತಿ ಗಾಳಿ ತೆಗೆದರೆ ಒಳಗಿನದನ್ನು ಹೀರಿಕೊಳ್ಳುವ ಪ್ಲಾಸ್ಟಿಕ್ ಡಬ್ಬಿಗಳನ್ನು ಜೋಡಿಸಿ ಕಳುಹಿಸಿದ್ದರು. ಇದನ್ನು ನೋಡಿದವರಿಗೆ ಗಾಬರಿಯಾಗುತ್ತದೆ, ನೋಡಿಕೊಳ್ಳುವುದು ಮಾತ್ರ ಸುಲಭ. ನನ್ನ ತಂಗಿ ಸೋಪು ಹಾಕಿ ಕೈ ತೊಳೆದು, ಬೆಳಿಗ್ಗೆ ಮತ್ತು ರಾತ್ರಿ ಒಂದೇ ಹೊತ್ತಿಗೆ ಡಬ್ಬಿಯನ್ನು ಅಳತೆಯ ಲೋಟಕ್ಕೆ ಬಸಿದು, ಎಡದ್ದು ಎಷ್ಟು, ಬಲದ್ದು ಎಷ್ಟು, ಬಣ್ಣ ಯಾವುದು ಎಂಬುದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುತ್ತಿದ್ದಳು; ಆಮೇಲೆ ಡಬ್ಬಿಯನ್ನು ಪೂರ್ತಿ ಒತ್ತಿ ಹಿಡಿದೇ ಮುಚ್ಚಳ ಹಾಕುತ್ತಿದ್ದಳು, ಏಕೆಂದರೆ ಒತ್ತದೆ ಮುಚ್ಚಿದರೆ ಅದು ಹೀರುವುದಿಲ್ಲ. ದ್ರವದ ಬಣ್ಣ ಮೊದಲು ಕೆಂಪಾಗಿದ್ದು, ಕ್ರಮೇಣ ತಿಳಿಗೆಂಪಾಗಿ, ಕೊನೆಗೆ ತೆಳು ಹಳದಿಗೆ ತಿರುಗಬೇಕು. ತಿಳಿಯಾದದ್ದು ಮತ್ತೆ ಇದ್ದಕ್ಕಿದ್ದಂತೆ ಗಾಢ ಕೆಂಪಾದರೆ, ವಾಸನೆ ಬಂದರೆ ಅಥವಾ ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಫೋನ್ ಮಾಡಬೇಕು. ಒಂದು ಡ್ರೈನಿನಲ್ಲಿ 24 ಗಂಟೆಗಳಲ್ಲಿ 30 ಮಿಲಿಲೀಟರಿಗಿಂತ ಕಡಿಮೆ ದ್ರವ ಸತತವಾಗಿ ಎರಡು ದಿನ ಬಂದರೆ ಅದನ್ನು ತೆಗೆಯಬಹುದು ಎಂಬುದು ನನ್ನ ಸರ್ಜನ್ನರ ಲೆಕ್ಕ. ಬೇರೆಯವರ ಲೆಕ್ಕ ಸ್ವಲ್ಪ ಹೆಚ್ಚುಕಡಿಮೆ ಇರಬಹುದು. ನಾನು ಹೆಚ್ಚು ಓಡಾಡಿದ ದಿನದ ಅಳತೆ ಮಾರನೆಯ ಬೆಳಿಗ್ಗೆ ಏರಿರುತ್ತಿತ್ತು. ಎಷ್ಟು ಓಡಾಡಬಹುದು ಎಂಬ ಪ್ರಶ್ನೆಗೆ ಆ ಕ್ಯಾಲೆಂಡರಿಗಿಂತ ನಿಖರವಾದ ಉತ್ತರ ನನಗೆ ಬೇರೆಲ್ಲೂ ಸಿಗಲಿಲ್ಲ.

ಇನ್ನು ಅಮ್ಮನ ಬಾಣಂತನ. ಅದರಲ್ಲಿ ನಾನು ಉಳಿಸಿಕೊಂಡದ್ದನ್ನು ಮೊದಲು ಹೇಳಬೇಕು. ಬಾಣಂತಿಯ ಕೋಣೆಗೆ ಕಂಡಕಂಡವರನ್ನು ಬಿಡದಿರುವುದು, ಅವಳ ಕೈಯಲ್ಲಿ ಒಂದು ಕೊಡ ನೀರನ್ನೂ ಎತ್ತಿಸದಿರುವುದು, ಹೊತ್ತುಹೊತ್ತಿಗೆ ಬಿಸಿ ಊಟ ಕೊಡುವುದು, ಮೈ ಒರೆಸಲು, ತಲೆ ಬಾಚಲು ಒಬ್ಬರು ಜೊತೆಗಿರುವುದು, ಹೊಟ್ಟೆಗೆ ಬಟ್ಟೆ ಕಟ್ಟುವುದು — ಇವೆಲ್ಲವೂ ಆಸ್ಪತ್ರೆಯವರು ಕೊಟ್ಟ ಸೂಚನೆಗಳಿಗೆ ಹೊಂದಿಕೊಂಡೇ ಇದ್ದವು. 5 ಕಿಲೋಗಿಂತ ಹೆಚ್ಚಿನ ಭಾರವನ್ನು ಆರು ವಾರ ಎತ್ತಬಾರದು ಎಂಬ ನಿಯಮವನ್ನು ಪಾಲಿಸಲು, ಹೆಂಗಸು ಕೆಲಸ ಮಾಡದೆ ಕೂರುವುದನ್ನು ಸಹಜವೆಂದು ಒಪ್ಪುವ ವ್ಯವಸ್ಥೆಯೊಂದು ಮನೆಯಲ್ಲಿ ಬೇಕು. ನಮ್ಮ ಮನೆಗಳಲ್ಲಿ ಬಾಣಂತನದ ಹೊರತು ಅಂಥದ್ದು ಬೇರೊಂದಿಲ್ಲ.

ಬಿಡಬೇಕಾದವುಗಳಲ್ಲಿ ಮೊದಲನೆಯದು ನೀರಿನ ಪಥ್ಯ. "ಹಸಿ ಮೈಲಿ ಅಷ್ಟೊಂದು ನೀರು ಕುಡೀಬಾರ್ದು ಕಣೇ" ಎಂದು ಅಮ್ಮ ಲೋಟ ತೆಗೆದಿಡುತ್ತಿದ್ದರು. ಆದರೆ ದ್ರವ ಡ್ರೈನಿನಲ್ಲಿ ಹೋಗುತ್ತಿರುವಾಗ ನೀರು ಕಡಿಮೆಯಾದರೆ ರಕ್ತ ಗಟ್ಟಿಯಾಗುತ್ತದೆ, ಮಲಬದ್ಧತೆಯೂ ಹೆಚ್ಚುತ್ತದೆ. ಸ್ಲೀವ್ ಆದವರು ಒಮ್ಮೆಗೇ ಗಟಗಟ ಕುಡಿಯಲಾರದ್ದರಿಂದ ಬಾಟಲಿಯನ್ನು ಪಕ್ಕದಲ್ಲಿಟ್ಟುಕೊಂಡು ದಿನವಿಡೀ ಗುಟುಕರಿಸುತ್ತಿದ್ದೆ. ಎರಡನೆಯದು ಶಾಖ. ಕೆಂಡದ ಅಗ್ಗಿಷ್ಟಿಕೆ, ಬಿಸಿನೀರಿನ ಚೀಲ, ಬಟ್ಟೆ ಕಾಸಿ ಇಡುವುದು, ಇವುಗಳಲ್ಲಿ ಯಾವುದನ್ನೂ ಹತ್ತಿರಕ್ಕೆ ಬರಗೊಡಲಿಲ್ಲ. ಚರ್ಮವನ್ನು ಬಿಡಿಸುವಾಗ ಸಣ್ಣ ನರಗಳು ಕತ್ತರಿಸಿ ಹೋಗುವುದರಿಂದ ಹೊಕ್ಕುಳದ ಕೆಳಗಿನ ಭಾಗಕ್ಕೆ ತಿಂಗಳುಗಟ್ಟಲೆ ಸ್ಪರ್ಶವೇ ತಿಳಿಯುವುದಿಲ್ಲ; ಅಲ್ಲಿ ಸುಡುತ್ತಿದ್ದರೂ ಗೊತ್ತಾಗದೆ ಬೊಬ್ಬೆ ಬರಬಹುದು. ಐಸ್ ಇಡುವುದಕ್ಕೂ ಇದೇ ಎಚ್ಚರಿಕೆ ಬೇಕು. ಮೂರನೆಯದು, ಎದ್ದು ಓಡಾಡದೆ ಮಲಗಿರುವುದು. ಕಾಲಿನ ಒಳರಕ್ತನಾಳದಲ್ಲಿ ಗಡ್ಡೆ ಕಟ್ಟಿ ಅದು ಶ್ವಾಸಕೋಶಕ್ಕೆ ಹೋಗುವುದೇ ಈ ಶಸ್ತ್ರಚಿಕಿತ್ಸೆಯ ಅತ್ಯಂತ ದೊಡ್ಡ ಅಪಾಯ. ವಯಸ್ಸು, ಮೈತೂಕ, ಶಸ್ತ್ರಚಿಕಿತ್ಸೆಯ ಅವಧಿ, ಹಿಂದೆ ಗಡ್ಡೆ ಕಟ್ಟಿದ್ದ ಇತಿಹಾಸ, ಹಾರ್ಮೋನ್ ಮಾತ್ರೆಗಳ ಬಳಕೆ ಮುಂತಾದವನ್ನು ಕೂಡಿಸಿ ಕ್ಯಾಪ್ರಿನಿ ಅಂಕವೆಂಬ ಲೆಕ್ಕ ಹಾಕಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಚುಚ್ಚುಮದ್ದನ್ನು ನನಗೆ ಮನೆಯಲ್ಲಿಯೂ ಕೆಲವು ದಿನ ಮುಂದುವರಿಸಿದರು. ಎಚ್ಚರವಾಗಿದ್ದ ಹೊತ್ತಿನಲ್ಲಿ ಗಂಟೆಗೊಮ್ಮೆ ಎದ್ದು ಹಜಾರದಲ್ಲಿ ಬಗ್ಗಿಕೊಂಡೇ ಅತ್ತಿತ್ತ ನಡೆಯುತ್ತಿದ್ದೆ, ಮಲಗಿದ್ದಾಗ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿದ್ದೆ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ನೋಯುವುದು ಕಂಡರೆ ನಡುರಾತ್ರಿಯಾದರೂ ತುರ್ತು ವಿಭಾಗಕ್ಕೆ ಹೋಗಲೇಬೇಕು. ಹಾಸನಕ್ಕೆ ಮರಳುವಾಗಲೂ ಕಾರನ್ನು ದಾರಿಯಲ್ಲಿ ಅಲ್ಲಲ್ಲಿ ನಿಲ್ಲಿಸಿ ಇಳಿದು ನಡೆದೆ. ಸೀಟ್ ಬೆಲ್ಟ್ ಮತ್ತು ಹೊಟ್ಟೆಯ ನಡುವೆ ಚಿಕ್ಕ ದಿಂಬೊಂದಿತ್ತು.

ಊಟದಲ್ಲಿ ಅಮ್ಮನೂ ನಾನೂ ರಾಜಿ ಮಾಡಿಕೊಂಡೆವು. ಡ್ರೈನಿನ ದ್ರವದಲ್ಲಿ ಪ್ರೋಟೀನ್ ಹೋಗುತ್ತದೆ, ಗಾಯ ಮಾಯಲು ಪ್ರೋಟೀನೇ ಬೇಕು, ಆದರೆ ಸ್ಲೀವ್ ಆದ ಜಠರದಲ್ಲಿ ಹಿಡಿಯುವುದೇ ಸ್ವಲ್ಪ. ದಿನಕ್ಕೆ 60 ಗ್ರಾಂಗಿಂತ ಕಡಿಮೆಯಾಗಬಾರದು, ಸಾಧ್ಯವಾದರೆ 80 ಮುಟ್ಟಬೇಕು ಎಂದು ಆಹಾರ ತಜ್ಞರು ಹೇಳಿದ್ದರು. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ಮೆಣಸುಸಾರು ಅನ್ನದಿಂದ ಈ ಲೆಕ್ಕ ತುಂಬುವುದಿಲ್ಲ. ಆದ್ದರಿಂದ ಮೊದಲು ಮೊಟ್ಟೆ, ಪನೀರ್, ಮೊಳಕೆಕಾಳಿನ ಉಸಲಿ ಅಥವಾ ಕೋಳಿಸಾರಿನ ತುಂಡುಗಳು, ಜಾಗ ಉಳಿದರೆ ಮಾತ್ರ ಅನ್ನ ಎಂಬ ಕ್ರಮ ಹಾಕಿಕೊಂಡೆವು. ಮೊಸರು ಶೀತವೆಂಬ ವಾದವನ್ನು ಅಮ್ಮ ಕೊನೆಗೆ ಕೈಬಿಟ್ಟರು. ಅವರ ಬೆಳ್ಳುಳ್ಳಿ ಚಟ್ನಿಪುಡಿಯನ್ನು ನಾನು ಬಿಡಲಿಲ್ಲ. ಕಬ್ಬಿಣಾಂಶದ ಮಾತ್ರೆಯನ್ನು ಕಾಫಿಯ ಜೊತೆ ನುಂಗಿದರೆ ಅದು ಮೈಗೆ ಹತ್ತುವುದು ಬಹಳ ಕಡಿಮೆ. ಕಾಫಿಯ ಸೀಮೆಯಲ್ಲಿ ಹುಟ್ಟಿದವರಿಗೆ ಇದು ಕಷ್ಟದ ನಿಯಮ, ಆದರೂ ಎರಡು ಗಂಟೆಯ ಅಂತರ ಇಟ್ಟುಕೊಂಡೆ.

ಡ್ರೈನ್ ತೆಗೆದ ನಂತರ ಕೆಳಹೊಟ್ಟೆಯ ಒಂದು ಬದಿಯಲ್ಲಿ ಉಬ್ಬು ಕಾಣಿಸಿತು. ಬೆರಳಿನಿಂದ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆಗೆ ನೀರು ಸರಿದಂತೆ ಅಲುಗುತ್ತಿತ್ತು. ಇದನ್ನು ಸೀರೋಮ ಎನ್ನುತ್ತಾರೆ. ಈ ಶಸ್ತ್ರಚಿಕಿತ್ಸೆಯಲ್ಲಿ ಪದೇ ಪದೇ ಕಾಣುವ ತೊಡಕುಗಳಲ್ಲಿ ಇದು ಮುಖ್ಯವಾದದ್ದು. ಹೊರರೋಗಿ ವಿಭಾಗದಲ್ಲಿಯೇ ಸೂಜಿ ಹಾಕಿ ದ್ರವವನ್ನು ಸಿರಿಂಜಿಗೆ ಎಳೆದರು. ಜಾಗ ಜೋಮು ಹಿಡಿದಿದ್ದರಿಂದ ನೋವಾಗಲಿಲ್ಲ. ಒಮ್ಮೆ ತೆಗೆದರೆ ಮುಗಿಯಿತು ಎಂದಲ್ಲ, ಅದು ಮತ್ತೆ ತುಂಬಬಹುದು, ನನಗೂ ಹಾಗಾಯಿತು. ಪ್ರತಿ ಸಲವೂ ಪ್ರಮಾಣ ಇಳಿಯುತ್ತ ಹೋದರೆ ಸರಿ. ಮನೆಯಲ್ಲಿ ಒತ್ತಿ, ತಿಕ್ಕಿ ಅದನ್ನು ಕರಗಿಸಲು ಹೋಗಬಾರದು.

ಪ್ರೆಷರ್ ಗಾರ್ಮೆಂಟ್ ಎಂಬ ಬಿಗಿಯುಡುಪನ್ನು ಸ್ನಾನದ ಹೊತ್ತು ಬಿಟ್ಟು ಆರು ವಾರ ಹಗಲೂ ರಾತ್ರಿಯೂ ಧರಿಸಬೇಕಾಗಿತ್ತು. ಒಂದು ಒಗೆತದಲ್ಲಿದ್ದಾಗ ಹಾಕಿಕೊಳ್ಳಲು ಇನ್ನೊಂದು ಬೇಕೇ ಬೇಕು. ಒಳಗೆ ತೆಳುವಾದ ಹತ್ತಿ ಬನಿಯನ್ ಹಾಕಿಕೊಂಡರೆ ಬೆವರುಸಾಲೆ ಕಡಿಮೆಯಾಗುತ್ತದೆ, ಆದರೆ ಬಟ್ಟೆಯ ಸುಕ್ಕು ಒಳಗೆ ಉಳಿದರೆ ಚರ್ಮದ ಮೇಲೆ ಗೆರೆ ಕೊರೆಯುತ್ತದೆ. ಬಿಗಿ ಹೆಚ್ಚಿದಷ್ಟೂ ಒಳ್ಳೆಯದೆಂದು ಭಾವಿಸಿ ಚಿಕ್ಕ ಅಳತೆಯದನ್ನು ತರುವವರಿದ್ದಾರೆ. ಅತಿಯಾದ ಒತ್ತಡ ಕೆಳಗಿನ ಅಂಚಿನ ರಕ್ತಸಂಚಾರವನ್ನೇ ಕುಗ್ಗಿಸುತ್ತದೆ. ಸೀರೆಯ ವಿಷಯವನ್ನು ಯಾವ ಆಸ್ಪತ್ರೆಯ ಸೂಚನಾಪತ್ರದಲ್ಲಿಯೂ ನಾನು ಕಾಣಲಿಲ್ಲ. ಲಂಗದ ಲಾಡಿಯನ್ನು ಬಿಗಿದು ಕಟ್ಟುವ ಜಾಗ ಊತ ಮತ್ತು ಜೋಮು ಎರಡೂ ಇರುವ ಜಾಗವೇ ಆದ್ದರಿಂದ, ಲಾಡಿ ಎಷ್ಟು ಕಚ್ಚುತ್ತಿದೆ ಎಂಬುದು ಉಟ್ಟವಳಿಗೆ ತಿಳಿಯುವುದಿಲ್ಲ. ಕೆಲಸಕ್ಕೆ ಮರಳಿದ ಮೇಲೂ ಹಲವು ತಿಂಗಳು ಸಡಿಲವಾದ ಚೂಡಿದಾರವನ್ನೇ ಉಟ್ಟೆ. ಮದುವೆಗೆ ಹೋಗಲೇಬೇಕಾದಾಗ ಲಾಡಿಯ ಬದಲು ಅಗಲವಾದ ಎಲಾಸ್ಟಿಕ್ ಪಟ್ಟಿಯ ಲಂಗ ಹೊಲಿಸಿಕೊಂಡೆ.

ಊತ ಬೆಳಿಗ್ಗೆ ಇಳಿದಿದ್ದು ಸಂಜೆಗೆ ಏರುತ್ತಿತ್ತು, ಉಪ್ಪಿನಕಾಯಿ, ಹಪ್ಪಳ ತಿಂದ ದಿನ ಇನ್ನಷ್ಟು ಏರುತ್ತಿತ್ತು. ತೂಕದ ಯಂತ್ರವೂ ಮೊದಲ ವಾರಗಳಲ್ಲಿ ಹೆಚ್ಚೇ ತೋರಿಸಿತು. ಅದು ದ್ರವದ ತೂಕ ಎಂದು ಬುದ್ಧಿಗೆ ಗೊತ್ತಿದ್ದರೂ, ವರ್ಷಗಟ್ಟಲೆ ಆ ಅಂಕಿಯ ಜೊತೆ ಹೋರಾಡಿದವರಿಗೆ ನೆಮ್ಮದಿ ಕೆಡುತ್ತದೆ. ಯಂತ್ರವನ್ನು ಅಟ್ಟಕ್ಕೆ ಹಾಕಿಸಿದೆ. ಬ್ಯಾಂಕಿನ ಕುರ್ಚಿಯ ಕೆಲಸಕ್ಕೆ ಮೂರು ವಾರಗಳಾದ ಮೇಲೆ ಅನುಮತಿ ಸಿಕ್ಕಿತು. ಸ್ಕೂಟರಿಗೆ ಇನ್ನೂ ತಡವಾಗಿ.

ಗಾಯದ ಕಲೆಯ ಆರೈಕೆಗೆ ಅವಸರ ಬೇಡ. ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಜೆಲ್ ಹಚ್ಚಲು ಆರಂಭಿಸಿ ಕೆಲವು ತಿಂಗಳು ಮುಂದುವರಿಸಿದೆ. ನಮ್ಮ ಮೈಬಣ್ಣದವರಲ್ಲಿ ಕಲೆ ಮೊದಲು ಉಬ್ಬಿ ಕಪ್ಪಾಗುವುದು ಸಾಮಾನ್ಯ; ಅದು ಮೆತ್ತಗಾಗಿ ಚಪ್ಪಟೆಯಾಗಲು ಒಂದರಿಂದ ಒಂದೂವರೆ ವರ್ಷ ಹಿಡಿಯುತ್ತದೆ. ನನ್ನ ಬಲಬದಿಯ ತುದಿಯಲ್ಲಿ ಅದು ಹೆಚ್ಚು ಉಬ್ಬಿದ್ದರಿಂದ ಸರ್ಜನ್ನರು ಅಲ್ಲಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರು. ಮಡಿಕೆಯ ಕೆಳಗಿನ ಸೋಂಕು ಅದರ ನಂತರದ ಬೇಸಿಗೆಯಲ್ಲಿ ಬರಲಿಲ್ಲ. ಹೊಕ್ಕುಳದ ಕೆಳಗೆ ಅಂಗೈಯಗಲ ಜಾಗಕ್ಕೆ ಇಂದಿಗೂ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲ, ಅದು ಹಾಗೆಯೇ ಉಳಿಯಬಹುದೆಂದು ಹೇಳಿದ್ದಾರೆ. ತೋಳಿನ ಚರ್ಮದ ಶಸ್ತ್ರಚಿಕಿತ್ಸೆಯ ಮಾತೂ ಬಂದಿದೆ. ಎರಡರ ನಡುವೆ ಕೆಲವು ತಿಂಗಳ ಅಂತರ ಬೇಕಿತ್ತು, ಅದು ಕಳೆದಿದೆ; ಆದರೆ ನನ್ನ ಹಿಮೋಗ್ಲೋಬಿನ್ ಇನ್ನೂ 11ರ ಕೆಳಗಿರುವುದರಿಂದ ಸದ್ಯಕ್ಕೆ ದಿನ ಗೊತ್ತುಮಾಡಿಲ್ಲ.