ಬಗ್ಗಬೇಕಾದದ್ದು ಸಿಂಥ್: ಪ್ರವಾಸದಲ್ಲಿ ರೆಕಾರ್ಡ್ ಮಾಡಿದ ಸಂಗೀತವನ್ನು ಎಲೆಕ್ಟ್ರಾನಿಕ್ ಟ್ರ್ಯಾಕ್‌ಗೆ ಕೂಡಿಸುವ ವಿಧಾನ

ಪ್ರವಾಸದಲ್ಲಿ ರೆಕಾರ್ಡ್ ಮಾಡಿಕೊಂಡ ಸಾಂಪ್ರದಾಯಿಕ ಹಾಡು, ವಾದ್ಯಗಳನ್ನು ಎಲೆಕ್ಟ್ರಾನಿಕ್ ಸಂಗೀತಕ್ಕೆ ಸೇರಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಸಂಗೀತದ ಸಾಫ್ಟ್‌ವೇರ್‌ನಲ್ಲಿ ಪ್ರಾಜೆಕ್ಟ್ ತೆರೆದು 120 ಬಿಪಿಎಂ (ನಿಮಿಷಕ್ಕೆ 120 ತಾಳದ ಪೆಟ್ಟು) ಇಡುತ್ತಾರೆ. ಆಮೇಲೆ ರೆಕಾರ್ಡಿಂಗನ್ನು ಎಳೆದೋ ಕುಗ್ಗಿಸಿಯೋ ಆ ಚೌಕಟ್ಟಿಗೆ ತುರುಕುತ್ತಾರೆ. ಹಾಡುವವರ ಉಸಿರು, ಕೈಯ ನಡೆ, ವಾದ್ಯದ ಶ್ರುತಿ ಮೂರೂ ಅಲ್ಲೇ ಕೆಡುತ್ತವೆ. ಸಿಂಥ್‌ನ (ವಿದ್ಯುನ್ಮಾನವಾಗಿ ಸ್ವರ ಹುಟ್ಟಿಸುವ ಸಿಂಥಸೈಜರ್‌ನ) ಶ್ರುತಿಯನ್ನು, ಡ್ರಮ್ ಮಷೀನಿನ ವೇಗವನ್ನು ಯಾವ ನಷ್ಟವೂ ಇಲ್ಲದೆ ಬದಲಿಸಬಹುದು. ರೆಕಾರ್ಡಿಂಗನ್ನು ಹಾಗೆ ಬದಲಿಸಲಾಗದು. ಆದ್ದರಿಂದ ಕೆಳಗಿನ ಪ್ರತಿ ಹಂತದಲ್ಲೂ ಸಾಧ್ಯವಾದಷ್ಟು ಬಗ್ಗುವುದು ಯಂತ್ರವೇ.

ಮೈಕ್ ಹೊರತೆಗೆಯುವ ಮೊದಲು

ಹಾಡು ಎಷ್ಟೇ ಹಳೆಯದಿರಲಿ, ಅದನ್ನು ಹಾಡಿದವರ ಹಕ್ಕು ಬೇರೆಯೇ ಇರುತ್ತದೆ. ಪ್ರದರ್ಶಕರ ಹಕ್ಕುಗಳನ್ನು ಅಂತರರಾಷ್ಟ್ರೀಯ ಮಟ್ಟದಲ್ಲಿ ಗುರುತಿಸಿದ ರೋಮ್ ಒಪ್ಪಂದ 1961ರದು. ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ತೈವಾನಿನ ಅಮಿಸ್ ಸಮುದಾಯದ ಗಾಯಕ ಡಿಫಾಂಗ್ ಅವರ ಪ್ರಕರಣವೇ ಸಾಕ್ಷಿ. 1988ರಲ್ಲಿ ಯುರೋಪ್ ಪ್ರವಾಸದ ವೇಳೆ ರೆಕಾರ್ಡ್ ಆದ ಅವರ ದನಿ ಮುಂದೆ ಎನಿಗ್ಮಾ ತಂಡದ ಹಾಡೊಂದರಲ್ಲಿ ಸೇರಿ ಜಗತ್ತಿನಾದ್ಯಂತ ಕೇಳಿಬಂತು. ಹಾಡಿದವರ ಹೆಸರು ಮಾತ್ರ ಇರಲಿಲ್ಲ. 1998ರಲ್ಲಿ ಅವರು ಮೊಕದ್ದಮೆ ಹೂಡಿದರು, ಮರುವರ್ಷ ರಾಜಿಯಾಯಿತು.

ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿ: ರೆಕಾರ್ಡ್ ಮಾಡಬಹುದೇ? ಕತ್ತರಿಸಿ, ಯಂತ್ರದ ಸಂಗೀತದ ಜೊತೆ ಬೆರೆಸಬಹುದೇ? ಅದನ್ನು ಮಾರಬಹುದೇ? ಮೊದಲನೆಯದಕ್ಕೆ ಸಿಕ್ಕ ಒಪ್ಪಿಗೆ ಉಳಿದ ಎರಡಕ್ಕೆ ಅನ್ವಯಿಸುವುದಿಲ್ಲ. ಆಚರಣೆಯ ಹಾಡಾಗಿದ್ದರೆ ಅದು ಆಚರಣೆಯ ಹೊರಗೆ ಕೇಳಿಸಬಹುದಾದದ್ದೇ ಎಂದೂ ವಿಚಾರಿಸಿ. ಬೇಡ ಎಂದರೆ ಆ ಹಾಡನ್ನು ಬಿಟ್ಟುಬಿಡಿ. ಬೆರೆಸುವುದು ಎಂದರೇನು ಎಂದು ಬಾಯಿಮಾತಿನಲ್ಲಿ ವಿವರಿಸಿದರೆ ಸಾಲದು, ಹಿಂದೆ ಮಾಡಿದ ಒಂದು ಟ್ರ್ಯಾಕ್ ಕೇಳಿಸಿ. ಉತ್ತರವನ್ನು ಅವರದೇ ಭಾಷೆಯಲ್ಲಿ, ಅವರದೇ ದನಿಯಲ್ಲಿ ರೆಕಾರ್ಡ್ ಮಾಡಿ. ಹಣದ ಮಾತನ್ನೂ ಆಗಲೇ ಮುಗಿಸಿ.

ಸ್ಥಳದಲ್ಲಿ

48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್: ಇದು ಕನಿಷ್ಠ. ಸ್ಟೀರಿಯೊದಲ್ಲಿ ಒಂದು ಗಂಟೆಗೆ ಸುಮಾರು 1 ಗಿಗಾಬೈಟ್ ಜಾಗ ಬೇಕು. ಧ್ವನಿಯನ್ನು ಒಂದು ಸ್ಥಾಯಿ ಕೆಳಗಿಳಿಸಿ ಬಳಸುವ ಯೋಚನೆಯಿದ್ದರೆ 96 ಕಿಲೋಹರ್ಟ್ಸ್ ಇಡಿ. 20 ಕಿಲೋಹರ್ಟ್ಸ್‌ನಾಚೆ ಮೈಕ್ ಹಿಡಿದಿರುವುದು ಕೆಳಗಿಳಿದು ಕಿವಿಗೆ ಸಿಗುವುದರಿಂದ ಧ್ವನಿ ಮಂಕಾಗುವುದಿಲ್ಲ. ಆಟೊ ಗೇನ್ (ರೆಕಾರ್ಡರ್ ತಾನೇ ಧ್ವನಿಮಟ್ಟ ಏರಿಳಿಸುವ ವ್ಯವಸ್ಥೆ) ಕಡ್ಡಾಯವಾಗಿ ಆಫ್ ಇರಲಿ. ಅದು ಪ್ರತಿ ಪೆಟ್ಟಿಗೂ ಮಟ್ಟ ಇಳಿಸಿ, ಪೆಟ್ಟುಗಳ ನಡುವೆ ಹಿನ್ನೆಲೆ ಸದ್ದನ್ನು ಮೇಲೆತ್ತುತ್ತದೆ. ಆಮೇಲೆ ಅದನ್ನು ಸರಿಪಡಿಸುವ ದಾರಿಯಿಲ್ಲ. ಅತಿ ಜೋರಿನ ಪೆಟ್ಟು ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸು ಬರುವಂತೆ ಗೇನ್ ಇಡಿ, ಏಕೆಂದರೆ ತಾಲೀಮಿಗಿಂತ ನಿಜವಾದ ಪ್ರದರ್ಶನ ಯಾವಾಗಲೂ ಜೋರು. 32 ಬಿಟ್ ಫ್ಲೋಟ್ (ಅತಿ ಜೋರಿನ ಸದ್ದೂ ಫೈಲಿನಲ್ಲಿ ಒಡೆಯದ ವಿಧಾನ) ರೆಕಾರ್ಡರ್ ಇದ್ದರೆ ಈ ಚಿಂತೆ ಕಡಿಮೆ. ಆದರೂ ಮೈಕಿನಲ್ಲೇ ಧ್ವನಿ ಒಡೆದರೆ ಫ್ಲೋಟ್ ಕಾಪಾಡುವುದಿಲ್ಲ.

ಒಂಟಿ ವಾದ್ಯಕ್ಕೆ ಮೈಕನ್ನು ಅರ್ಧದಿಂದ ಒಂದು ಮೀಟರ್ ದೂರದಲ್ಲಿಡಿ. ಟ್ರ್ಯಾಕ್‌ನಲ್ಲಿ ಬಳಸಲು ಇಷ್ಟು ಹತ್ತಿರದ ಧ್ವನಿಯೇ ಬೇಕು, ದೂರದ ಭಾವವನ್ನು ಆಮೇಲೆ ಸೇರಿಸಬಹುದು. ತಂಡಕ್ಕಾದರೆ ಎರಡು ಕಾರ್ಡಿಯಾಯ್ಡ್ (ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ) ಮೈಕ್‌ಗಳು ಒಂದಕ್ಕೊಂದು 17 ಸೆಂಟಿಮೀಟರ್ ದೂರ, 110 ಡಿಗ್ರಿ ಕೋನದಲ್ಲಿರಲಿ. ಬಯಲಿನಲ್ಲಿ ಸ್ಪಂಜಿನ ಟೋಪಿ ಗಾಳಿಗೆ ನಿಲ್ಲುವುದಿಲ್ಲ, ತುಪ್ಪಳದ ಹೊದಿಕೆಯೇ ಬೇಕು. ದೊಡ್ಡ ಚರ್ಮವಾದ್ಯಗಳ ಮುಂದೆ ಲೋ-ಕಟ್ (ತಗ್ಗಿನ ಸದ್ದನ್ನು ಕತ್ತರಿಸುವ ಸ್ವಿಚ್) ಆಫ್ ಮಾಡಿ.

ಪೂರ್ತಿ ಹಾಡು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಮುಂದೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಈ ನಾಲ್ಕು:

- ಯಾರೂ ಮಾತಾಡದ, ಯಾರೂ ಅಲುಗಾಡದ ಒಂದು ನಿಮಿಷದ ಖಾಲಿ ಹಿನ್ನೆಲೆ.
- ಬಿಡಿ ಸ್ವರಗಳು ಮತ್ತು ಪೆಟ್ಟುಗಳು: ಮೆಲ್ಲಗೆ, ಮಧ್ಯಮ, ಜೋರು, ಪ್ರತಿಯೊಂದೂ ನಾಲ್ಕು ಸಲ, ಸದ್ದು ಪೂರ್ತಿ ಆರುವವರೆಗೆ.
- ಆ ಜಾಗದ ಪ್ರತಿಧ್ವನಿ. ಒಂದು ಬಲೂನ್ ಒಡೆದರೆ ಸಾಕು. ಗೇನ್ ತುಂಬ ತಗ್ಗಿಸಿರಬೇಕು.
- ಕಲಾವಿದರ ಪಾದ ಕಾಣುವಂತೆ ಫೋನಿನಲ್ಲಿ ತೆಗೆದ ವಿಡಿಯೊ.

ಕೊನೆಯದು ಹೊರಗಿನಿಂದ ಬಂದವರ ಕಿವಿಗೆ ಆಗುವ ಮೋಸವನ್ನು ತಪ್ಪಿಸುತ್ತದೆ. ಪಶ್ಚಿಮ ಆಫ್ರಿಕಾದ 12 ಮಾತ್ರೆಗಳ ಗಂಟೆಯ ಲಯದಲ್ಲಿ ಹೊಸಬರು ಹಿಡಿಯುವ ತಾಳ ಮತ್ತು ಕುಣಿಯುವವರ ಹೆಜ್ಜೆ ಎಷ್ಟೋ ಸಲ ಬೇರೆಬೇರೆ. ಜಾವಾದ ಗಮೆಲಾನ್‌ನಲ್ಲಿ (ಲೋಹವಾದ್ಯಗಳ ಮೇಳದಲ್ಲಿ) ದೊಡ್ಡ ಗಾಂಗ್ ಬೀಳುವುದು ಆವರ್ತದ ಕೊನೆಗೆ. ಅದನ್ನೇ ಆರಂಭವೆಂದು ತಿಳಿದು ಕಿಕ್ (ಡ್ರಮ್ ಮಷೀನಿನ ದಪ್ಪ ಪೆಟ್ಟು) ಹಾಕಿದರೆ ಇಡೀ ರಚನೆ ತಲೆಕೆಳಗು. ವಿಡಿಯೊ ಆಗದಿದ್ದರೆ ಒಂದು ಆವರ್ತಕ್ಕೆ ಚಪ್ಪಾಳೆ ಹಾಕಿ ತೋರಿಸುವಂತೆ ಕೇಳಿ.

ಅದೇ ರಾತ್ರಿ ಫೈಲ್‌ಗಳನ್ನು ಎರಡು ಕಡೆ ನಕಲು ಮಾಡಿ. ಹೆಸರು, ವಾದ್ಯ, ಊರು, ದಿನಾಂಕ, ಒಪ್ಪಿಗೆಯ ಷರತ್ತು ಬರೆದಿಡಿ.

ಶ್ರುತಿ ಹಿಡಿಯುವುದು

ಪ್ರಾಜೆಕ್ಟಿನ ಸ್ಯಾಂಪಲ್ ದರ ರೆಕಾರ್ಡಿಂಗಿನದೇ ಆಗಿದೆಯೇ ಎಂದು ಮೊದಲು ನೋಡಿ. 48 ಕಿಲೋಹರ್ಟ್ಸ್ ಫೈಲನ್ನು ಸಾಫ್ಟ್‌ವೇರ್ 44.1 ಎಂದು ಓದಿದರೆ ವೇಗ ಶೇ. 8ರಷ್ಟು ತಗ್ಗಿ, ಶ್ರುತಿ 147 ಸೆಂಟ್ (ಒಂದು ಸೆಂಟ್ ಎಂದರೆ ಅರೆಸ್ವರದ ನೂರನೇ ಒಂದು ಭಾಗ) ಇಳಿಯುತ್ತದೆ. ಶ್ರುತಿ ಅಳೆಯಲು ಕುಳಿತ ಮೇಲೆ ಇದು ಗೊತ್ತಾದರೆ ಅಲ್ಲಿಯವರೆಗಿನ ಅಳತೆಯೆಲ್ಲ ವ್ಯರ್ಥ.

ನಂತರ ಆಧಾರ ಸ್ವರ ಹುಡುಕಿ. ತಂತಿ, ಕೊಳಲು, ದನಿಗಳಿಗೆ ಟ್ಯೂನರ್ ಪ್ಲಗಿನ್ ಸಾಕು. ಗಾಂಗ್, ಗಂಟೆ, ಲೋಹದ ಪಟ್ಟಿಗಳಿಗೆ ಅದನ್ನು ನಂಬಬೇಡಿ. ಅವುಗಳ ಉಪಸ್ವರಗಳು ಪೂರ್ಣಾಂಕದ ಅನುಪಾತದಲ್ಲಿ ಇರುವುದಿಲ್ಲವಾದ್ದರಿಂದ ಟ್ಯೂನರ್ ದಿಕ್ಕುತಪ್ಪುತ್ತದೆ. ಅಂಥಲ್ಲಿ ಒಂದು ಸೈನ್ ಅಲೆಯನ್ನು ಜೊತೆಗೆ ನುಡಿಸಿ, ಎರಡರ ನಡುವಿನ ಮಿಡಿತ ನಿಲ್ಲುವವರೆಗೆ ಅದರ ಆವರ್ತನ ಬದಲಿಸಿ. ಸೆಕೆಂಡಿಗೆ ಒಂದು ಮಿಡಿತ ಕೇಳಿದರೆ ಇನ್ನೂ 1 ಹರ್ಟ್ಸ್ ಅಂತರವಿದೆ ಎಂದು ಅರ್ಥ.

ಎ ಸ್ವರ 440ರ ಬದಲು 428 ಹರ್ಟ್ಸ್‌ನಲ್ಲಿ ಸಿಕ್ಕಿತು ಎನ್ನೋಣ. ಎರಡರ ಅನುಪಾತದ ಲಾಗ್, ಆಧಾರ 2, ಗುಣಿಸು 1200: ಉತ್ತರ ಮೈನಸ್ 48 ಸೆಂಟ್. ಅರೆಸ್ವರದ ಅರ್ಧ, ಅಂದರೆ ಅತ್ಯಂತ ಕೆಟ್ಟ ಜಾಗ. ಎಲ್ಲ ಸಿಂಥ್‌ಗಳ ಮಾಸ್ಟರ್ ಟ್ಯೂನನ್ನು 48 ಸೆಂಟ್ ಇಳಿಸಿ. ಬೇಸ್ ಮತ್ತು ಶ್ರುತಿಯಿರುವ ಕಿಕ್ ಸ್ಯಾಂಪಲ್‌ಗಳನ್ನೂ ಮರೆಯದೆ ಇಳಿಸಿ. ಎಲ್ಲೋ ಏನೋ ಹುಳಿ ಅನಿಸಿ ಕಾರಣ ಸಿಗದಿದ್ದರೆ ಹೆಚ್ಚಾಗಿ ಕಿಕ್‌ನ ಬಾಲವೇ ಅಪರಾಧಿ.

ಆಧಾರ ಹೊಂದಿದ ಮಾತ್ರಕ್ಕೆ ಉಳಿದ ಸ್ವರಗಳು ಹೊಂದುವುದಿಲ್ಲ. ಸಹಜ ಗಾಂಧಾರ ಷಡ್ಜದಿಂದ 386 ಸೆಂಟ್‌ನಲ್ಲಿದೆ, ಕೀಬೋರ್ಡಿನದು 400ರಲ್ಲಿ. ಉದ್ದ ಎಳೆದ ಸಿಂಥ್ ಸ್ವರವಾದ ಪ್ಯಾಡ್‌ನಲ್ಲಿ ಈ 14 ಸೆಂಟ್ ಕಿವಿಗೆ ಚುಚ್ಚುತ್ತದೆ. ರಾಗಗಳಂಥ ಅರಬ್ ಮಕಾಮ್‌ಗಳಲ್ಲಿ 150 ಸೆಂಟ್ ಆಸುಪಾಸಿನ ಅಂತರಗಳು ಬರುತ್ತವೆ. ಗಮೆಲಾನ್‌ನ ಸ್ಲೆಂಡ್ರೊ ಶ್ರುತಿಕ್ರಮದಲ್ಲಿ ಒಂದು ಸ್ಥಾಯಿ ಹೆಚ್ಚುಕಡಿಮೆ ಸಮನಾದ ಐದು ಭಾಗಗಳಾಗುತ್ತದೆ, ಅದೂ ಒಂದೊಂದು ಗಮೆಲಾನ್‌ಗೆ ಒಂದೊಂದು ರೀತಿ. ಇಲ್ಲಿ ಬಿಡಿ ಸ್ವರಗಳ ರೆಕಾರ್ಡಿಂಗ್ ಕೈಹಿಡಿಯುತ್ತದೆ: ಪ್ರತಿ ಸ್ವರವನ್ನು ಅಳೆದು ಸ್ಕಾಲಾ ಫೈಲ್ ಬರೆಯಿರಿ. ಅದು ಬರೀ ಪಠ್ಯ, ಸಾಲಿಗೊಂದು ಸೆಂಟ್ ಬೆಲೆ. ಸರ್ಜ್ ಎಕ್ಸ್‌ಟಿ, ವೈಟಲ್ ಸಿಂಥ್‌ಗಳು ಅದನ್ನು ನೇರ ಓದುತ್ತವೆ. ಏಬಲ್ಟನ್ ಲೈವ್ 12 ಸಾಫ್ಟ್‌ವೇರ್‌ನಲ್ಲಿ ಇಡೀ ಪ್ರಾಜೆಕ್ಟಿಗೇ ಅನ್ವಯಿಸಬಹುದು.

ಇಷ್ಟಾದ ಮೇಲೂ ಮೂರು ಸ್ವರದ ಕಾರ್ಡ್‌ಗಳನ್ನು ಹೇರುವ ಅಗತ್ಯ ಬಹುತೇಕ ಇರುವುದಿಲ್ಲ. ಒಂದೇ ಆಧಾರ ಸ್ವರದ ಮೇಲೆ ನಿಂತ ಸಂಗೀತಕ್ಕೆ ಬೇಸ್‌ನಲ್ಲಿ ಷಡ್ಜ ಪಂಚಮ ಸಾಕು. ಫಿಲ್ಟರ್, ನಾದದ ಬಣ್ಣ, ಸಾಂದ್ರತೆಗಳ ಬದಲಾವಣೆಯಿಂದ ಚಲನೆ ತನ್ನಿ. ಬಾಲಿಯ ಜೋಡಿ ವಾದ್ಯಗಳನ್ನು ಬೇಕೆಂದೇ ತುಸು ಬೇರೆ ಶ್ರುತಿಯಲ್ಲಿ ಮಾಡಿರುತ್ತಾರೆ, ಅವುಗಳ ಮಿನುಗು ಹುಟ್ಟುವುದೇ ಅದರಿಂದ. ಅದರ ಮೇಲೆ ಶ್ರುತಿ ತಿದ್ದುವ ಪ್ಲಗಿನ್ ಹಾಕಿದರೆ ಆ ವಾದ್ಯವನ್ನೇ ಕೊಂದಂತೆ.

ಲಯ

ರೆಕಾರ್ಡಿಂಗನ್ನು ಗ್ರಿಡ್‌ಗೆ (ಪ್ರಾಜೆಕ್ಟಿನ ತಾಳದ ಚೌಕಟ್ಟಿಗೆ) ಎಳೆಯುವ ಬದಲು ಗ್ರಿಡ್ಡನ್ನೇ ಅದರ ಹಿಂದೆ ನಡೆಸಿ. ಲೈವ್‌ನಲ್ಲಿ ಕ್ಲಿಪ್ಪನ್ನು ಲೀಡರ್ ಮಾಡುವುದು, ಲಾಜಿಕ್‌ನಲ್ಲಿ ಸ್ಮಾರ್ಟ್ ಟೆಂಪೊದ ಅಡಾಪ್ಟ್, ರೀಪರ್‌ನಲ್ಲಿ ಟೆಂಪೊ ಮಾರ್ಕರ್: ಮೂರೂ ಇದನ್ನೇ ಮಾಡುತ್ತವೆ. ಸಾಫ್ಟ್‌ವೇರ್ ತಾನಾಗಿ ಗುರುತಿಸಿದ ತಾಳವನ್ನು ಪಾದದ ವಿಡಿಯೊ ಜೊತೆ ಹೋಲಿಸಿ ನೋಡಿ. ಏಳು, ಒಂಬತ್ತರ ತಾಳಗಳಲ್ಲಿ ಅದು ಆಗಾಗ ಎಡವುತ್ತದೆ. ಮಾರ್ಕರ್‌ಗಳನ್ನು ಪ್ರತಿ ಆವರ್ತದ ಆರಂಭಕ್ಕೆ ಒಂದರಂತೆ ಹಾಕಿ. ಪ್ರತಿ ಪೆಟ್ಟಿಗೂ ಹಾಕಿದರೆ ಸೀಕ್ವೆನ್ಸರ್ (ಸ್ವರ, ಪೆಟ್ಟುಗಳನ್ನು ಸಾಲಾಗಿ ನುಡಿಸುವ ಯಂತ್ರ) ನಡುಗಿದಂತೆ ಕೇಳುತ್ತದೆ. ತೀರಾ ವಿರಳವಾಗಿ ಹಾಕಿದರೆ ಕಿಕ್ ಮತ್ತು ಚರ್ಮವಾದ್ಯ 30 ಮಿಲಿಸೆಕೆಂಡ್‌ಗೂ ಹೆಚ್ಚು ಸರಿದು, ಒಂದು ಪೆಟ್ಟು ಎರಡಾಗಿ ಕೇಳುತ್ತದೆ.

ಇಲ್ಲೊಂದು ಬಲೆಯಿದೆ. ಟೆಂಪೊ (ವೇಗ) ಬದಲಾಗುವಾಗ ಅದಕ್ಕೆ ಜೋಡಿಸಿದ ಡಿಲೇಗಳ (ಸದ್ದನ್ನು ತಡವಾಗಿ ಮರುಕಳಿಸುವ ಎಫೆಕ್ಟ್‌ಗಳ) ಬಾಲದಲ್ಲಿ ಶ್ರುತಿ ತೊನೆದಾಡುತ್ತದೆ. ಸಿಂಕ್ ಬಿಡಿಸಿ, ಸಮಯವನ್ನು ಮಿಲಿಸೆಕೆಂಡ್‌ನಲ್ಲಿ ಕೊಡಿ.

ಕುಣಿತದ ಟ್ರ್ಯಾಕ್‌ಗೆ ಸ್ಥಿರ ವೇಗವೇ ಬೇಕೆಂದರೆ ರೆಕಾರ್ಡಿಂಗಿನ ಸರಾಸರಿ ವೇಗವನ್ನೇ ಪ್ರಾಜೆಕ್ಟಿಗೆ ಕೊಟ್ಟು, ಅತಿ ಕಡಿಮೆ ಏರಿಳಿತವಿರುವ ನಾಲ್ಕೆಂಟು ಆವರ್ತಗಳನ್ನು ಆರಿಸಿ. ಶೇ. 3ರೊಳಗಿನ ಹಿಗ್ಗಿಸುವಿಕೆ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಅದಕ್ಕೂ ಹೆಚ್ಚು ಬೇಕಾದರೆ ತಾಳವಾದ್ಯವನ್ನು ಹಿಗ್ಗಿಸಬೇಡಿ, ಪೆಟ್ಟಿಗೊಂದರಂತೆ ತುಂಡು ಮಾಡಿ ದೂರ ಸರಿಸಿ. ತುಂಡುಗಳ ನಡುವೆ ಹಿನ್ನೆಲೆ ಸದ್ದು ಕಡಿದು ಕಡಿದು ಕೇಳುವುದು ಖಚಿತ. ಆ ಒಂದು ನಿಮಿಷದ ಖಾಲಿ ಹಿನ್ನೆಲೆಯನ್ನು ಕೆಳಗೆ ಉದ್ದಕ್ಕೂ ಓಡಿಸಿ, ಪ್ರತಿ ತುಂಡಿಗೂ 5ರಿಂದ 10 ಮಿಲಿಸೆಕೆಂಡ್ ಫೇಡ್ (ಸದ್ದಿನ ನಿಧಾನ ಏರಿಳಿತ) ಕೊಟ್ಟರೆ ಬಿರುಕು ಮುಚ್ಚುತ್ತದೆ. ಹೈ-ಹ್ಯಾಟ್, ಶೇಕರ್‌ಗಳ ಕ್ವಾಂಟೈಸ್‌ಗೆ (ಪೆಟ್ಟುಗಳನ್ನು ತಾಳಕ್ಕೆ ಕೂರಿಸುವುದಕ್ಕೆ) ರೆಕಾರ್ಡಿಂಗಿನಿಂದ ತೆಗೆದ ಗ್ರೂವನ್ನೇ (ಅದರ ನಡೆಯನ್ನೇ) ಬಳಸಿ.

ಶುಚಿ, ಜಾಗ, ಮಿಕ್ಸ್

ಶುಚಿ ಮಾಡುವ ಕ್ರಮ: ಮೊದಲು ಟಿಕ್ ಸದ್ದು, ಆಮೇಲೆ ವಿದ್ಯುತ್ತಿನ ಗುಂಯ್‌ಗುಡಿತ, ಕೊನೆಗೆ ಹಿನ್ನೆಲೆಯ ಶಬ್ದ. ಗುಂಯ್‌ಗುಡಿತ ಆಯಾ ದೇಶದ ವಿದ್ಯುತ್ತಿಗೆ ತಕ್ಕಂತೆ 50 ಅಥವಾ 60 ಹರ್ಟ್ಸ್ ಮತ್ತು ಅದರ ಗುಣಕಗಳಲ್ಲಿರುತ್ತದೆ. ಹಿನ್ನೆಲೆಯನ್ನು 6ರಿಂದ 10 ಡೆಸಿಬೆಲ್ ಮಾತ್ರ ತಗ್ಗಿಸಿ. ಪೂರ್ತಿ ಅಳಿಸಲು ಹೋದರೆ ದನಿ ನೀರೊಳಗಿಂದ ಬಂದಂತಾಗುತ್ತದೆ, ಊರಿನ ಸುಳಿವೂ ಹೋಗುತ್ತದೆ.

ರೆಕಾರ್ಡಿಂಗ್ ಒಂದು ಕಡೆ, ಸಿಂಥ್ ಇನ್ನೊಂದು ಕಡೆ ಎನಿಸಲು ಮುಖ್ಯ ಕಾರಣ ಎರಡೂ ಬೇರೆಬೇರೆ ಜಾಗಗಳಲ್ಲಿ ಮೊಳಗುವುದು. ಬಲೂನಿನ ಸದ್ದನ್ನು ಕತ್ತರಿಸಿ, ನಿಜವಾದ ಜಾಗದ ಪ್ರತಿಧ್ವನಿಯನ್ನು ಮರುಸೃಷ್ಟಿಸುವ ಕನ್ವಲ್ಯೂಷನ್ ರಿವರ್ಬ್‌ಗೆ ಹಾಕಿ. ಅದರ ಮೂಲಕ ಸಿಂಥ್ ಮತ್ತು ಡ್ರಮ್‌ಗಳನ್ನು ಸ್ವಲ್ಪ ಕಳಿಸಿ, ರೆಕಾರ್ಡಿಂಗನ್ನು ಬೇಡ. ಅದರಲ್ಲಿ ಆ ಜಾಗ ಆಗಲೇ ಇದೆ. ಈ ಒಂದು ಕೆಲಸದಿಂದ ಸಿಗುವ ಒಗ್ಗಟ್ಟು ಎಷ್ಟು ಈಕ್ಯೂ (ಆವರ್ತನಗಳ ಮಟ್ಟ ಹೊಂದಿಸುವ ಸಾಧನ) ತಿರುಗಿಸಿದರೂ ಸಿಗದು.

ಕಂಪ್ರೆಸರ್ (ಜೋರಿನ ಸದ್ದನ್ನು ಒತ್ತಿ ತಗ್ಗಿಸುವ ಸಾಧನ) ಬಗ್ಗೆ ಎಚ್ಚರವಿರಲಿ: 10 ಡೆಸಿಬೆಲ್ ಒತ್ತಿ ಅಷ್ಟೇ ಮೇಲೆತ್ತಿದರೆ ಹಿನ್ನೆಲೆಯೂ 10 ಡೆಸಿಬೆಲ್ ಏರುತ್ತದೆ. ಕಿಕ್‌ಗೆ ಜಾಗ ಮಾಡಲು ಪೂರ್ಣ ಸೈಡ್‌ಚೈನ್ (ಪ್ರತಿ ಕಿಕ್‌ಗೂ ರೆಕಾರ್ಡಿಂಗನ್ನು ತಗ್ಗಿಸುವ ವಿಧಾನ) ಹಾಕಿದರೆ ಹಿನ್ನೆಲೆಯೆಲ್ಲ ಏದುಸಿರು ಬಿಡುತ್ತದೆ. ಬದಲಿಗೆ, ಬೇಕಾದಾಗ ಮಾತ್ರ ಕೆಲಸ ಮಾಡುವ ಡೈನಾಮಿಕ್ ಈಕ್ಯೂನಿಂದ 150 ಹರ್ಟ್ಸ್ ಕೆಳಗೆ ಮಾತ್ರ 2ರಿಂದ 4 ಡೆಸಿಬೆಲ್ ತಗ್ಗಿಸಿ. ಪ್ಯಾಡ್‌ಗಳಲ್ಲಿ 2ರಿಂದ 4 ಕಿಲೋಹರ್ಟ್ಸ್ ನಡುವೆ 2–3 ಡೆಸಿಬೆಲ್ ಇಳಿಸಿದರೆ ಹಾಡಿನ ಉಚ್ಚಾರ ಸ್ಪಷ್ಟವಾಗುತ್ತದೆ. ಮೊನೊದಲ್ಲಿ ಒಮ್ಮೆ ಕೇಳಿ: ದೂರದೂರ ಇಟ್ಟ ಎರಡು ಮೈಕ್‌ಗಳ ರೆಕಾರ್ಡಿಂಗ್ ಟೊಳ್ಳಾದರೆ ಒಂದೇ ಚಾನೆಲ್ ಇಟ್ಟುಕೊಳ್ಳಿ. ಮಾಸ್ಟರ್‌ನ ಶಿಖರ ಮೈನಸ್ 1 ಡೆಸಿಬೆಲ್ ಮೀರದಿರಲಿ. ಸ್ಪಾಟಿಫೈ ಮಾಮೂಲಾಗಿ ಹಾಡುಗಳ ಜೋರನ್ನು (ಅದರ ಅಳತೆ ಎಲ್‌ಯುಎಫ್‌ಎಸ್) ಮೈನಸ್ 14 ಎಲ್‌ಯುಎಫ್‌ಎಸ್‌ಗೆ ಸಮ ಮಾಡುವುದರಿಂದ, ಅದಕ್ಕಿಂತ ಜೋರಾಗಿ ಒತ್ತಿ ಕೈಪೆಟ್ಟಿನ ಸೂಕ್ಷ್ಮವನ್ನು ಕಳೆದುಕೊಳ್ಳುವುದರಲ್ಲಿ ಲಾಭವಿಲ್ಲ.

ಬಿಡುಗಡೆಗೆ ಮುಂಚೆ ಕಲಾವಿದರಿಗೆ ಎರಡು ಫೈಲ್ ಕಳಿಸಿ: ಕೈಹಚ್ಚದ ಮೂಲ ರೆಕಾರ್ಡಿಂಗ್ ಮತ್ತು ಮುಗಿದ ಮಿಕ್ಸ್. ಅವರು ಬಹುಶಃ ಫೋನಿನ ಸ್ಪೀಕರ್‌ನಲ್ಲಿ ಕೇಳುತ್ತಾರೆ, ಕಳಿಸುವ ಮೊದಲು ನೀವೂ ಅದರಲ್ಲೇ ಕೇಳಿ. ವಿತರಕರ ಫಾರಂನಲ್ಲಿ ಅವರ ಹೆಸರನ್ನು ಅವರೇ ಹೇಳಿದ ಕಾಗುಣಿತದಲ್ಲಿ, ಪ್ರದರ್ಶಕರ ಸ್ಥಾನದಲ್ಲಿ ತುಂಬಿ. ಒಪ್ಪಿದ ಪಾಲನ್ನೂ ಅಲ್ಲೇ ನಮೂದಿಸಿ. ಅವರ ಉತ್ತರ ಬರುವವರೆಗೆ ಬಿಡುಗಡೆಯ ದಿನಾಂಕವನ್ನು ಖಾಲಿ ಬಿಡಿ.